ಎಣ್ಣೆಮನೆಯ ಹೆಪ್ಪು

ಸಂಪಗಟ್ಟಿಯ ಎಣ್ಣೆಮನೆಯ ಬಾಗಿಲು ತೆಗೆದ ಕೂಡಲೇ ಚೈತ್ರಾಳ ಮೊದಲ ಕೆಲಸ ಮೂಗಿನದು. ಪರದೆಯ ಮೇಲೆ ಅಂಕಿಗಳಿರುತ್ತವೆ, ಕೆಂಪು ಹಸಿರು ದೀಪಗಳಿರುತ್ತವೆ. ಅವನ್ನು ಆಮೇಲೆ ನೋಡುತ್ತಾಳೆ. ಮೊದಲು ತೊಟ್ಟಿಯ ಮುಚ್ಚಳವನ್ನು ತುಸು ಎತ್ತಿ ವಾಸನೆ ಹಿಡಿಯುತ್ತಾಳೆ. ಹೆಪ್ಪು ಚೆನ್ನಾಗಿದ್ದರೆ ಬಾಳೆಗೊನೆ ಹಣ್ಣಿಗಿಟ್ಟ ಕೋಣೆಯ ವಾಸನೆ ಬರುತ್ತದೆ, ಅದರ ಹಿಂದೆ ತೆಳ್ಳಗೆ ಹುಳಿ ಅಂಬಲಿಯದು. ದೀಪಾವಳಿ ಮುಗಿದು ಕಾರ್ತಿಕ ಹತ್ತಿದ ಹೊಸದರಲ್ಲಿ, ಒಂದು ಮುಂಜಾನೆ ಮುಚ್ಚಳ ಎತ್ತಿದರೆ ಎರಡೂ ಬರಲಿಲ್ಲ. ಹಳೆಯ ಎಣ್ಣೆಯ ಕಮಟು ಮಾತ್ರ ಬಂತು.

ಆಕೆ ಮುಚ್ಚಳ ಮುಚ್ಚಿ, ಹೊರಗೆ ಹೋಗಿ ಎರಡು ಉಸಿರು ಒಳ್ಳೆಯ ಗಾಳಿ ಕುಡಿದು ಬಂದು ಮತ್ತೆ ಎತ್ತಿ ನೋಡಿದಳು. ಅದೇ ಕಮಟು.

ಸಂಪಗಟ್ಟಿ ಹೆದ್ದಾರಿಯ ಮಗ್ಗುಲಿನ ಊರು. ಊರಿಗಿಂತ ಅದರ ಮಿರ್ಚಿ ಬಜ್ಜಿ ದೊಡ್ಡದು ಎಂದು ಬಸ್ಸಿನವರು ನಗೆಯಾಡುತ್ತಾರೆ. ರಸ್ತೆಯ ಉದ್ದಕ್ಕೂ ತಗಡಿನ ಅಂಗಡಿಗಳು, ಅಂಗಡಿಗೊಂದು ಕಡಾಯಿ. ಹಾದು ಹೋಗುವ ಬಸ್ಸು, ಲಾರಿ, ಮದುವೆ ದಿಬ್ಬಣ, ಯಾವುದೂ ಇಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಕರಿದು ಕರಿದು ಕಪ್ಪಾದ ಎಣ್ಣೆ ಮೊದಲೆಲ್ಲ ಗಟಾರಕ್ಕೆ ಹೋಗುತ್ತಿತ್ತು, ಗಟಾರ ಕೆರೆಗೆ ಹೋಗುತ್ತಿತ್ತು. ಕೆರೆಯ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿ, ಮೀನುಗಳು ಬಾಯಿ ತೆರೆದುಕೊಂಡು ದಂಡೆಗೆ ಬರುತ್ತಿದ್ದವು. ಆಮೇಲೆ ಊರಿನ ಸಹಕಾರಿ ಸಂಘದವರು ಎಣ್ಣೆಮನೆ ಕಟ್ಟಿಸಿದರು. ಹಳೆ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ, ಕಾಯಿಸಿ, ಡೀಸೆಲ್ ಮಾಡಿ, ಆ ಡೀಸೆಲನ್ನು ನೀರಿನಲ್ಲಿ ತೊಳೆಯುವುದು. ಡೀಸೆಲೇನೋ ಚೊಕ್ಕವಾಯಿತು, ತೊಳೆದ ನೀರು ಸಾಬೂನಿನ ನೀರಾಯಿತು. ಅದಕ್ಕೆಂದು ತೋಡಿದ ಇಂಗುಗುಂಡಿ ಮೊದಲ ದೊಡ್ಡ ಮಳೆಗೇ ತುಂಬಿ ಹರಿಯಿತು. ಕೆರೆ ಉಕ್ಕಿದ ಹಾಲಿನ ಹಾಗೆ ನೊರೆ ಕಟ್ಟಿತು.

ಚೈತ್ರಾಳ ಮಾವ ದ್ಯಾಮಪ್ಪ ಅಂಬಿಗೇರ ಹುಟ್ಟಿದಾಗಿನಿಂದ ಆ ಕೆರೆಯಲ್ಲಿ ಹರಿಗೋಲು ಹಾಕಿದವನು. ಅವನು ಆ ಕಾಲಗಳನ್ನು ಎರಡೇ ಮಾತಿನಲ್ಲಿ ಹೇಳುತ್ತಾನೆ: "ಎಣ್ಣಿ ಕಾಲದಾಗ ಮೀನು ಉಸಿರು ಕಟ್ಟಿ ಸತ್ತವು. ಸಬಕಾರದ ಕಾಲದಾಗ ಜಳಕಾ ಮಾಡಿ ಸತ್ತವು."

ಮೂರನೆಯದು ಹೆಪ್ಪಿನ ಕಾಲ. ತಾಲೂಕಿನ ಪ್ರಯೋಗಶಾಲೆಯ ಡಾಕ್ಟರ್ ಇಂದುಧರ ಅವರು ಎಣ್ಣೆ ಗಾಣದ ಮಣ್ಣಿನಿಂದ ಒಂದು ಸೂಕ್ಷ್ಮಜೀವಿಯನ್ನು ಹಿಡಿದು, ಸಾಕಿ, ಪಳಗಿಸಿದ್ದರು. ಹೀರೆಕಾಯಿಯ ಒಣ ನಾರಿನ ಮೇಲೆ ಅದು ಕೆನೆಯ ಹಾಗೆ ಬೆಳೆಯುತ್ತದೆ. ಕರಿದ ಎಣ್ಣೆಗೆ ತುಸು ಕಬ್ಬಿನ ಕಾಕಂಬಿಯ ಸ್ಪಿರಿಟ್ ಕೂಡಿಸಿ ಅದರ ಮೇಲೆ ಹರಿಸಿದರೆ ಎಣ್ಣೆ ಒಡೆದು ಡೀಸೆಲ್ ಆಗುತ್ತದೆ. ಉಳಿಯುವ ಅಂಟನ್ನೂ ಆ ಜೀವಿಯೇ ತಿಂದುಕೊಳ್ಳುತ್ತದೆ. ಕಾಸ್ಟಿಕ್ ಬೇಡ, ತೊಳೆಯುವ ನೀರೂ ಬೇಡ. ಡಾಕ್ಟರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದರು; ಊರಿನವರು ಒಂದು ದಿನ ನೋಡಿ, ಮೊಸರಿನ ಹಾಗೆಯೇ ಸ್ವಲ್ಪ ಉಳಿಸಿಕೊಂಡರೆ ನಾಳೆಗೆ ಮತ್ತೆ ಆಗುತ್ತದಲ್ಲ ಎಂದು ಹೆಪ್ಪು ಎಂದರು. ಈಗ ಡಾಕ್ಟರೂ ಹಾಗೇ ಅನ್ನುತ್ತಾರೆ.

ಹೆಪ್ಪು ಬಂದ ಎರಡು ಮಳೆಗಾಲಗಳಲ್ಲಿ ಕೆರೆ ತಿಳಿಯಾಯಿತು. ದ್ಯಾಮಪ್ಪ ತಾನೇ ಹೋಗಿ ಮೀನುಮರಿ ತಂದು ಬಿಟ್ಟ. ಚೈತ್ರಾಳ ಗಂಡ ಪರಸು ಓಡಿಸುವ ಸಂಘದ ಬಸ್ಸು ಆ ಡೀಸೆಲಿನಲ್ಲೇ ಓಡುತ್ತದೆ. ಅದರ ಹೊಗೆಗೆ ಮಿರ್ಚಿಯ ವಾಸನೆ ಇರುವುದರಿಂದ ಪ್ರತಿ ಊರಿನ ನಾಯಿಗಳೂ ಅದನ್ನು ಬೀಳ್ಕೊಡಲು ಓಡಿ ಬರುತ್ತವೆ. ಇನ್ನೊಂದು ಬದಲಾವಣೆಯನ್ನೂ ಜನ ಕಂಡಿದ್ದರು. ಅಂಗಡಿಗಳ ಹಿಂದಿನ ಗಟಾರದಲ್ಲಿ ಮೊದಲಿನ ಕಪ್ಪು ಗಸಿ ಇರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಒಳ್ಳೆಯದಕ್ಕೆ ಯಾರು ಕಾರಣ ಕೇಳುತ್ತಾರೆ?

ತಾಲೂಕಿನ ನಿಗಾ ಕೋಣೆಯಲ್ಲಿ ಇಂದುಧರ ಅವರ ಮುಂದೆ ಸುತ್ತಲಿನ ಎಣ್ಣೆಮನೆಗಳ ಅಂಕಿಗಳೆಲ್ಲ ಸಾಲಾಗಿ ಹೊಳೆಯುತ್ತಿರುತ್ತವೆ. ಚೈತ್ರಾ ಪರದೆಯಲ್ಲಿ ಕರೆಯುವ ಹೊತ್ತಿಗೆ ಅವರು ಸಂಪಗಟ್ಟಿಯದನ್ನೇ ನೋಡುತ್ತಿದ್ದರು.

"ರಾತ್ರಿ ಥಂಡಿ ಜಾಸ್ತಿ ಆಗಿದೆ ಚೈತ್ರಾ ಅವರೇ. ಹೆಪ್ಪು ಮುದುಡಿರಬೇಕು. ಬೆಚ್ಚಗೆ ಇಡಿ."

"ಕಂಬಳಿ ಹೊಚ್ಚಲ್ರಿ?"

"ಹೊಚ್ಚಿ. ಮೊಸರಿಗೆ ಮಾಡ್ತೀರಲ್ಲ, ಹಾಗೆ."

ಆಕೆ ಮನೆಯಿಂದ ಕಂಬಳಿ ಹೊತ್ತುಕೊಂಡು ಹೊರಟಾಗ ದ್ಯಾಮಪ್ಪ ಕಟ್ಟೆಯ ಮೇಲೆ ಬಲೆ ನೇಯುತ್ತಿದ್ದ.

"ಎಲ್ಲಿಗವ್ವಾ ಚೈತ್ರವ್ವ, ಕಂಬಳಿ?"

"ಹೆಪ್ಪಿಗ್ರಿ ಮಾವಾರ. ಥಂಡಿ ಹತ್ತೇತಂತ."

"ಅದು ನನ್ನ ಕಂಬಳಿ. ಮುದುಕಗ ಥಂಡಿ ಹತ್ತೂದಿಲ್ಲೇನು?"

"ನಿಮಗ ಇನ್ನೊಂದು ಐತ್ರಿ."

"ಆತು ಒಯ್ಯಿ. ಅದು ಸತ್ತರ ಸಬಕಾರ ಬರತೈತಿ. ನಾ ಸತ್ತರ ಏನೂ ಬರೂದಿಲ್ಲ." ಹಾಗೆಂದು ನಕ್ಕ. ಆದರೆ ಬಲೆಯ ಕೈ ನಿಂತಿತ್ತು. "ಸಾಯೂದಿಲ್ಲಲ್ಲ ಅದು?"

"ಇಲ್ರಿ" ಎಂದಳು.

ಕಂಬಳಿ ಕೆಲಸ ಮಾಡಲಿಲ್ಲ. ಡಾಕ್ಟರು ಶೀಷೆಗಳಲ್ಲಿ ಹೊಸ ಹೆಪ್ಪು ಕಳಿಸಿದರು. ತೊಟ್ಟಿಯ ಎಣ್ಣೆಗೆ ಹಾಕಿದ ಮರುದಿನವೇ ಅದೂ ಬೂದುಬಣ್ಣಕ್ಕೆ ತಿರುಗಿ ತಳಕ್ಕೆ ಕೂತಿತು. ಡಬ್ಬಿಗಳಲ್ಲಿ ಹಳೆ ಎಣ್ಣೆ ತುಂಬುತ್ತ ಹೋಯಿತು. ಸಂಘದವರು ಸಭೆ ಸೇರಿದರು. ಬಸ್ಸಿಗೆ, ಒಕ್ಕಣೆಯ ಯಂತ್ರಗಳಿಗೆ ಡೀಸೆಲ್ ಬೇಕು. ಅಂಗಡಿಯವರ ಎಣ್ಣೆ ಒಯ್ಯದಿದ್ದರೆ ಅವರು ಮತ್ತೆ ಗಟಾರಕ್ಕೆ ಸುರಿಯುತ್ತಾರೆ. ಬರುವ ಸೋಮವಾರದೊಳಗೆ ಹೆಪ್ಪು ಏಳದಿದ್ದರೆ ಹಳೆಯ ಕಾಸ್ಟಿಕ್ ಹಂಡೆಗಳನ್ನು ಹೊರಗೆ ತೆಗೆಯುವುದು ಎಂದು ತೀರ್ಮಾನವಾಯಿತು. ಯಾರಿಗೂ ಅದು ಇಷ್ಟವಿರಲಿಲ್ಲ. ಬೇರೆ ದಾರಿಯೂ ಯಾರಿಗೂ ಕಾಣಲಿಲ್ಲ.

"ಎಣ್ಣೆಯಲ್ಲೇ ಏನೋ ಬರ್ತಾ ಇದೆ" ಎಂದರು ಇಂದುಧರ. ಅವರ ದನಿ ದಣಿದಿತ್ತು. "ಕೊನೆಯ ಶೀಷೆ ಕಳಿಸ್ತೇನೆ. ತೊಟ್ಟಿಗೆ ಹಾಕಬೇಡಿ. ಒಂದೊಂದು ಅಂಗಡಿಯ ಎಣ್ಣೆ ಬೇರೆ ಬೇರೆ ಬಟ್ಟಲಲ್ಲಿ ಹಿಡಿದು, ಚಮಚದಷ್ಟು ಹೆಪ್ಪು ಹಾಕಿ ನೋಡಿ. ಗುಳ್ಳೆ ಬಂದರೆ ಜೀವ ಇದೆ ಅಂತ."

ಚೈತ್ರಾ ಬಟ್ಟಲುಗಳ ಬುಟ್ಟಿ ಹಿಡಿದು ಅಂಗಡಿ ಸಾಲಿಗೆ ಹೋದಳು. ಅದು ಎಣ್ಣೆಯ ಪರೀಕ್ಷೆಗಿಂತ ಮಾನದ ಪರೀಕ್ಷೆಯಾಯಿತು.

"ನನ್ನ ಎಣ್ಣಿಗೇನಾಗೇತಿ? ನಾ ಹಿಟ್ಟಿನಾಗ ಸೋಡಾ ಸೈತ ಹಾಕೂದಿಲ್ಲ" ಎಂದ ಮೊದಲನೆಯವನು.

"ಅಂವಂದು ನೋಡ್ರಿ ಮೊದಲ" ಎಂದ ಎರಡನೆಯವನು. "ಅಂವ ಹೋದ ವರ್ಷದ ಎಣ್ಣಿ ಇನ್ನೂ ಕಾಸ್ತಾನ."

"ಅದಕ್ಕ ನನ್ನ ಮಿರ್ಚಿಗೆ ರುಚಿ ಐತಿ. ನಿಂದಕ್ಕ ಏನೈತಿ?"

ಸಾಲಿನ ಕೊನೆಯಲ್ಲಿ ಖೈರೂನ್‌ಬಿಯ ಅಂಗಡಿ. ಅರವತ್ತು ದಾಟಿದ ಹೆಂಗಸು, ಊರಿಗೆಲ್ಲ ಚಾಚಿ. ಆಕೆ ತಾನೇ ಎಣ್ಣೆ ತೋಡಿ ಬಟ್ಟಲಿಗೆ ಹಾಕಿದಳು. "ಮುಖ ಯಾಕ ಸಣ್ಣಗಾಗೇತಿ ಬೇಟಿ? ಒಂದ್ ಮಿರ್ಚಿ ತಿನ್ನು."

"ಬ್ಯಾಡ ಚಾಚಿ. ಹೆಪ್ಪು ಹ್ವಾದ್ರ ಗಂಟಲದಾಗ ಏನೂ ಇಳಿಯೂದಿಲ್ಲ."

ಎಣ್ಣೆಮನೆಯ ಕಿಟಕಿಯಲ್ಲಿ ಸಾಲಾಗಿಟ್ಟ ಬಟ್ಟಲುಗಳಲ್ಲಿ ಮರುದಿನ ಸಣ್ಣ ಸಣ್ಣ ಗುಳ್ಳೆಗಳು ಬಂದಿದ್ದವು. ಎಲ್ಲದರಲ್ಲೂ. ಹೋದ ವರ್ಷದ ಎಣ್ಣೆಯವನದರಲ್ಲೂ. ಚೈತ್ರಾಳಿಗೆ ಸಮಾಧಾನವಾಗಬೇಕಿತ್ತು, ಗಾಬರಿಯಾಯಿತು. ಅಂಗಡಿಯವರ ಎಣ್ಣೆಯಲ್ಲಿ ಇಲ್ಲವೆಂದರೆ ಮತ್ತೆಲ್ಲಿ?

ಆಗ ಬಾಗಿಲ ಬಳಿಯ ಗಡಿಗೆ ಕಣ್ಣಿಗೆ ಬಿತ್ತು. ಹಬ್ಬ ಹುಣ್ಣಿಮೆಗೆ ಮನೆಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಹೆಂಗಸರು ತಂದು ಸುರಿದು ಹೋಗಲಿ ಎಂದು ಇಟ್ಟದ್ದು. ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ದಿನಾ ಸಂಜೆ ಅದು ತೊಟ್ಟಿಗೆ ಸೇರುತ್ತಿತ್ತು. ಅದರಿಂದ ಒಂದು ಬಟ್ಟಲು ಹಿಡಿದು ಹೆಪ್ಪು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಬಟ್ಟಲು ಸತ್ತು ಹೋಗಿತ್ತು. ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು. ಥೂ ಎಂದು ಉಗುಳಿ ಪರದೆಯ ಮುಂದೆ ಕೂತಳು.

"ಸರ್, ಕಹಿ ಐತ್ರಿ."

ಇಂದುಧರ ಪರದೆಯ ಹತ್ತಿರಕ್ಕೆ ಬಗ್ಗಿದರು. "ಎಷ್ಟು ಕಹಿ? ಬೇವಿನಷ್ಟು?"

"ಬೇವಿನದ್ದೇ ರೀ."

"ಹಾಗಾದರೆ ಅದೇ. ಬೇವಿನ ಎಣ್ಣೆ ನಮ್ಮ ಹೆಪ್ಪಿಗೆ ವಿಷ. ಬೆಳೆಯಲ್ಲಿ ಕೀಟಕ್ಕೆ ಹೊಡೀತೇವಲ್ಲ, ಇದಕ್ಕೂ ಹಾಗೇ. ಆದರೆ ಬೇವಿನೆಣ್ಣೆಯಲ್ಲಿ ಯಾರು ಮಿರ್ಚಿ ಕರೀತಾರೆ?"

ಯಾರೂ ಕರಿಯುವುದಿಲ್ಲ. ಅದನ್ನೇ ಯೋಚಿಸುತ್ತ ಸಂಜೆ ಮನೆಗೆ ಬಂದಾಗ, ದ್ಯಾಮಪ್ಪ ಅಂಗಳದಲ್ಲಿ ಕೂತು ಒಂದು ಸ್ಟೀಲಿನ ಕ್ಯಾನನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದ.

"ಎಲ್ಲಿಗೆ ಹೊಂಟೀರಿ ಮಾವಾರ?"

"ಎಲ್ಲಿಗೆ? ಗಂಗವ್ವನ ಗುಡಿಗೆ. ಕಾರ್ತಿಕ ಅಲ್ಲೇನು, ದಿನಾ ಸಂಜೀಕ ಮಂದಿ ಬಂದು ಏರಿ ತುಂಬ ಹಣತಿ ಹಚ್ಚತಾರ. ಮೊದಲೆಲ್ಲ ಉಳಿದ ಎಣ್ಣಿ ಕೆರಿಗೇ ಚೆಲ್ಲತಿದ್ರು. ಈ ವರ್ಷ ನಾ ಕುಂತು ನೋಡತೀನಿ. ಒಂದ ಹನಿ ಕೆರಿಗೆ ಬೀಳಬಾರದು ಅಂದೀನಿ. ಹೊತ್ತಾತು ಅಂದ್ರ ಒಂದೊಂದ ಹಣತಿ ಆರಿಸಿ, ಎಣ್ಣಿ ಬಸಕೊಂಡು, ನಿನ್ನ ಗಡಗಿಗೆ ಹಾಕಿ ಬರತೀನಿ." ಅವನು ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದ. "ದೇವರ ದೀಪದ ಎಣ್ಣಿ ತುಳ್ಯಾಡೂ ಕಡೆ ಚೆಲ್ಲಬಾರದು. ನಿನ್ನ ಹೆಪ್ಪಿಗೂ ಒಂದೀಟು ಪುಣ್ಯಾ ಬರಲಿ."

ಚೈತ್ರಾ ಒಳಗೆ ಹೋಗಿ ದೇವರ ಗೂಡಿನ ಬಾಟಲಿ ಎತ್ತಿ ನೋಡಿದಳು. ಊರಿನ ಅಂಗಡಿಯಲ್ಲಿ ಎಲ್ಲರೂ ಕೊಳ್ಳುವ ದೀಪದ ಎಣ್ಣೆ. ಎಳ್ಳು, ಹಿಪ್ಪೆ, ಹರಳು, ತೆಂಗು, ಬೇವು ಐದೂ ಕೂಡಿದ್ದು, ಶ್ರೇಷ್ಠ ಎಂದು ಅದರ ಮೇಲೆ ಅಚ್ಚಾಗಿತ್ತು. ಬಾಟಲಿಯನ್ನು ಮೆಲ್ಲಗೆ ಇದ್ದಲ್ಲಿಟ್ಟಳು. ಆ ಸಂಜೆ ಮಾವನಿಗೆ ರೊಟ್ಟಿ ಬಡಿಸುವಾಗ ಅವನ ಮುಖ ನೋಡಲು ಆಗಲಿಲ್ಲ.

ಮರುದಿನ ಆಕೆ ಗಡಿಗೆಯನ್ನು ಒಳಗೆ ತೆಗೆದಿಟ್ಟಳು. ದೀಪ ಆರಿಸುವ ಹೊತ್ತಿಗೆ ದ್ಯಾಮಪ್ಪ ಕ್ಯಾನು ಹಿಡಿದು ಬಂದ; ಗಡಿಗೆ ಇದ್ದ ಜಾಗದಲ್ಲಿ ಉಳಿದ ಎಣ್ಣೆಯ ಉಂಗುರವನ್ನು ನೋಡುತ್ತ ನಿಂತ.

"ಗಡಗಿ ಯಾಕ ತಗದಿ?"

ಆಕೆ ಹೇಳಿದಳು. ಬೇರೆ ಯಾರದೋ ಹೆಸರು ಹೇಳಬಹುದಿತ್ತು, ಥಂಡಿ ಎನ್ನಬಹುದಿತ್ತು; ಆದರೆ ಕಾರ್ತಿಕ ಇನ್ನೂ ಮುಗಿದಿರಲಿಲ್ಲ, ಅವನು ನಾಳೆಯೂ ಕ್ಯಾನು ತರುತ್ತಿದ್ದ. ನಿಂತು, ನೆಲ ನೋಡುತ್ತ, ಬಟ್ಟಲಿನ ವಿಷಯ, ಬೇವಿನ ವಿಷಯ ಎಲ್ಲ ಹೇಳಿದಳು.

ದ್ಯಾಮಪ್ಪ ಕೈಯಲ್ಲಿದ್ದ ಕ್ಯಾನಿನೊಳಗೆ ಬಗ್ಗಿ ನೋಡಿದ. ಆಮೇಲೆ, "ಅಂದ್ರ, ಕೆರಿಗೆ ಬೀಳಬಾರದು ಅಂತ ತಂದದ್ದ ಹೆಪ್ಪಿಗೆ ವಿಷ ಆತು" ಎಂದ.

"ಹೌದ್ರಿ."

"ಸೋಮವಾರ ಹಂಡೆ ಹೊರಗ ತಗೀತಾರ."

"ಡಾಕ್ಟರ ಹತ್ರ ಶೀಷೆದಾಗ ಹೆಪ್ಪು ಇನ್ನ ಉಳಿದಿಲ್ರಿ. ಬ್ಯಾರೆ ಊರಿನ ಎಣ್ಣಿಮನಿದು ಹೊರಗ ಕೊಡೂಹಂಗಿಲ್ಲಂತ. ನನ್ನ ಹತ್ರ ಬಟ್ಟಲದಾಗ ಇರೂದು ಒಂದ ಹಿಡಿ. ಅದನ್ನ ತೊಟ್ಟಿಗಾಗೂವಷ್ಟು ಬೆಳಸಬೇಕಂದ್ರ ಸಂಕ್ರಾಂತಿ ಆಗತೈತಂತ."

ಅವನು ಕ್ಯಾನನ್ನು ಅಲ್ಲೇ ಇಟ್ಟು ಹೊರಟು ಹೋದ. ಮನೆಗೆ ಹೋಗಲಿಲ್ಲ, ಹೆದ್ದಾರಿಯ ಕಡೆ ಹೋದ. ಖೈರೂನ್‌ಬಿ ಅಂಗಡಿ ಮುಚ್ಚುವ ಹೊತ್ತು. ಬೆಂಚಿನ ಮೇಲೆ ಕೂತ ಮುದುಕನಿಗೆ ಆಕೆ ಕೇಳದೆಯೇ ಚಹಾ ಕೊಟ್ಟಳು. ಅವನು ಚಹಾ ಆರುವ ತನಕ ಹಿಡಿದುಕೊಂಡು ಕೂತು, ಕಡೆಗೆ ನಡೆದದ್ದನ್ನು ಹೇಳಿದ. ಆಕೆ ಕಡಾಯಿ ಉಜ್ಜುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಒಂದು ಪೀಪಾಯಿಯ ಮೇಲಿನ ಗೋಣಿಚೀಲ ಎತ್ತಿದಳು.

ಮರುದಿನ ಬೆಳಿಗ್ಗೆ ಚೈತ್ರಾ ಎಣ್ಣೆಮನೆಯ ಬಾಗಿಲು ತೆಗೆಯುತ್ತಿದ್ದಾಗ ದ್ಯಾಮಪ್ಪ ಬಂದ. ಕೈಯಲ್ಲಿ ಒಂದು ತಂಬಿಗೆ, ಅದರ ಬಾಯಿಗೆ ಬಿಳಿ ಅರಿವೆ. ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರುವವರ ಹಾಗೇ ಹಿಡಿದಿದ್ದ.

"ಹೆಪ್ಪು ಕೇಳಾಕ ಹೋಗಿದ್ದೆ" ಎಂದ.

ಆಕೆ ಅರಿವೆ ಸರಿಸಿದಳು. ಬಾಳೆಹಣ್ಣಿನ ಕೋಣೆ. ಹಿಂದೆ ತೆಳ್ಳಗೆ ಅಂಬಲಿ.

ಅವನ ಹಿಂದೆಯೇ ಖೈರೂನ್‌ಬಿ ನಿಂತಿದ್ದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ನೀನ ಕೊಟ್ಟಿದ್ದಿ ಬೇಟಿ. ಹೆಪ್ಪು ಬಂದ ವರ್ಷ. ಕಡಾಯಿ ಕರಿ ಹೋಗೂದಿಲ್ಲ ಅಂದಾಗ ಒಂದ್ ತಂಬಿಗಿ."

ಚೈತ್ರಾಳಿಗೆ ನೆನಪಾಯಿತು. ಹೆಪ್ಪು ಎಣ್ಣೆಮನೆಯ ಹೊಸ್ತಿಲು ದಾಟಬಾರದು ಎಂಬುದು ಕಟ್ಟಪ್ಪಣೆ. ಆದರೆ ಹೆಪ್ಪು ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು ಎಂದು ಆಕೆಯ ಅವ್ವ ಕಲಿಸಿದ್ದು ಅದಕ್ಕಿಂತ ಹಳೆಯದು. ಕೊಟ್ಟಿದ್ದಳು. ಕಡಾಯಿ ಉಜ್ಜಿ ಚೆಲ್ಲಿರುತ್ತಾರೆ ಎಂದುಕೊಂಡು ಮರೆತಿದ್ದಳು.

"ಚೆಲ್ಲಲಿಲ್ಲೇನ ಚಾಚಿ?"

"ಹೆಪ್ಪು ಯಾರರ ಚೆಲ್ಲತಾರೇನು? ಪೀಪಾಯಿದಾಗ ಇಟ್ಟು ದಿನಾ ಕಡಾಯಿ ತಳದ ಗಸಿ ಹಾಕೇನಿ. ಎಲ್ಲಾ ತಿಂತೈತಿ. ಆಮ್ಯಾಲೆ ಬಾಜೂದಂವ ಕೇಳಿದ, ಅಂವಗೂ ಕೊಟ್ಟೆ. ಅಂವನ ಬಾಜೂದಂವ ಅಂವನ್ನ ಕೇಳಿದ. ಈಗ ಸಾಲಿನಾಗ ಪೀಪಾಯಿ ಇಲ್ಲದ ಅಂಗಡಿ ಇಲ್ಲ. ನಿನಗ ಹೇಳಿದ್ರ ಬೈತಿ ಅಂತ ಯಾರೂ ಬಾಯಿ ಬಿಟ್ಟಿಲ್ಲ."

ಗಟಾರ ಯಾಕೆ ಚೊಕ್ಕವಾಗಿತ್ತು ಎಂಬುದು ಅಂದು ತಿಳಿಯಿತು.

ಇನ್ನು ಡಾಕ್ಟರಿಗೆ ಹೇಳಬೇಕು. ಚೈತ್ರಾ ಹೇಳಿ ಮುಗಿಸಿದಾಗ ಪರದೆಯ ಮೇಲೆ ಇಂದುಧರ ಅವರ ಮುಖ ಬಿಳಿಚಿತ್ತು. ಹೆಪ್ಪು ಸತ್ತದ್ದಕ್ಕಿಂತ ಅದು ಹೊರಗೆ ಬದುಕಿರುವುದೇ ಅವರಿಗೆ ದೊಡ್ಡ ಹೆದರಿಕೆಯಾಗಿತ್ತು.

"ಕೆರೆಗೆ ಹೋಗಿದೆಯೇ?"

"ಗೊತ್ತಿಲ್ರಿ."

"ಪೀಪಾಯಿ ಯಾವುದನ್ನೂ ಮುಟ್ಟಬೇಡಿ. ನಾನೇ ಬರ್ತೇನೆ."

ಅವರು ಮಧ್ಯಾಹ್ನಕ್ಕೆ ಬಂದರು. ಪೀಪಾಯಿಗಳಿಂದ, ಗಟಾರದಿಂದ, ಕೆರೆಗೆ ಗಟಾರ ಸೇರುವ ಬಾಯಿಯಿಂದ ನೀರು ಹಿಡಿದರು. ಕೆರೆಯ ನಡುವಿನ ನೀರಿಗೆ ದ್ಯಾಮಪ್ಪನೇ ಹರಿಗೋಲಿನಲ್ಲಿ ಕೂರಿಸಿಕೊಂಡು ಹೋದ. ಡಾಕ್ಟರಿಗೆ ಹರಿಗೋಲು ಹೊಸದು. ಅದು ತಿರುಗಿದಾಗಲೆಲ್ಲ ಅಂಚು ಹಿಡಿದುಕೊಳ್ಳುತ್ತಿದ್ದರು.

"ಹೆದರಬ್ಯಾಡ್ರಿ" ಎಂದ ದ್ಯಾಮಪ್ಪ. "ಬಿದ್ರೂ ಚಲೋ ನೀರು."

ನೀರಿನ ಫಲಿತಾಂಶ ನೋಡಲು ಡಾಕ್ಟರು ತಾವು ತಂದ ಪೆಟ್ಟಿಗೆಯ ಮುಂದೆ ಎಣ್ಣೆಮನೆಯಲ್ಲೇ ಕೂತರು. ಚೈತ್ರಾ ಅವರ ಬೆನ್ನ ಹಿಂದೆ ನಿಂತಳು. ದ್ಯಾಮಪ್ಪ ಹೊಸ್ತಿಲಲ್ಲಿ ಕೂತ. ಪೀಪಾಯಿಗಳಲ್ಲಿ ಹೆಪ್ಪು ಕಿಕ್ಕಿರಿದಿತ್ತು. ಗಟಾರದಲ್ಲಿ ಅಂಗಡಿಗಳ ಹತ್ತಿರ ಇತ್ತು, ಮುಂದೆ ಹೋದ ಹಾಗೆ ಕಡಿಮೆಯಾಗಿ, ಗಟಾರದ ಬಾಯಿಯಲ್ಲಿ ಇರಲಿಲ್ಲ. ಕೆರೆಯಲ್ಲಿ ಹುಡುಕಿದರೂ ಇರಲಿಲ್ಲ.

ಇಂದುಧರ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಎಣ್ಣೆ ಇಲ್ಲದ ಕಡೆ ಅದು ಬದುಕೋದಿಲ್ಲ. ಹಾಗೇ ಪಳಗಿಸಿದ್ದೆ. ಆದರೆ ಹೊರಗೆ ಬಿಟ್ಟು ನೋಡುವ ಧೈರ್ಯ ನನಗೆ ಇರಲಿಲ್ಲ." ಚೈತ್ರಾಳ ಕಡೆ ತಿರುಗಿದರು. "ಇನ್ನೊಮ್ಮೆ ಹೀಗೆ ಮಾಡಬೇಡಿ. ಈ ಸಲ ಕೆರೆ ಪುಣ್ಯ ಮಾಡಿತ್ತು. ಎಲ್ಲ ಸಲವೂ ಹೀಗೇ ಆಗ್ತದೆ ಅಂತ ಹೇಳೋಕಾಗೋದಿಲ್ಲ."

"ಇಲ್ರಿ ಸರ್" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಆಯ್ತು. ಈಗ ತೊಟ್ಟಿ ತೊಳೀರಿ. ಕಹಿ ಒಂದಿಷ್ಟೂ ಉಳೀಬಾರದು."

ಶನಿವಾರ ಅಂಗಡಿಯವರು ತಮ್ಮ ತಮ್ಮ ಪೀಪಾಯಿಗಳನ್ನು ತಳ್ಳುಗಾಡಿಯಲ್ಲಿ ತಂದರು. ಯಾರ ಹೆಪ್ಪು ದಪ್ಪ ಎಂದು ಅಲ್ಲಿಯೂ ಜಗಳವಾಯಿತು. ಹೋದ ವರ್ಷದ ಎಣ್ಣೆಯವನದೇ ಎಲ್ಲಕ್ಕಿಂತ ದಪ್ಪಗಿತ್ತು. ಅವನು ಆ ದಿನವಿಡೀ ಅಂಗಡಿ ತೆರೆಯದೆ ತೊಟ್ಟಿಯ ಪಕ್ಕದಲ್ಲೇ ನಿಂತಿದ್ದ. ದ್ಯಾಮಪ್ಪ ಹೀರೆನಾರಿನ ಸುರುಳಿಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ. ಎಲ್ಲ ಮುಗಿದ ಮೇಲೆ ತನ್ನ ಇನ್ನೊಂದು ಕಂಬಳಿಯನ್ನೂ ತಂದು ಹೊಚ್ಚಿದ.

ಸೋಮವಾರ ಮುಂಜಾನೆ ಸಂಘದವರು ಹಂಡೆಯ ಬೀಗದ ಕೈ ಹಿಡಿದುಕೊಂಡು ಬಂದಾಗ ಚೈತ್ರಾ ಮುಚ್ಚಳ ಎತ್ತಿದಳು. ಅಧ್ಯಕ್ಷರು ಬಗ್ಗಿ ವಾಸನೆ ನೋಡಿ, "ಬಾಳೆಹಣ್ಣು ಯಾರ ತಂದಾರ?" ಎಂದರು. ಕೆಳಗಿನ ನಳದಿಂದ ತೆಳ್ಳಗೆ, ಜೇನುಬಣ್ಣದ ಡೀಸೆಲ್ ಇಳಿಯುತ್ತಿತ್ತು. ಬೀಗದ ಕೈ ಮತ್ತೆ ಜೇಬಿಗೆ ಹೋಯಿತು. ಹೊರಗೆ ಪರಸು ಬಸ್ಸು ಚಾಲೂ ಮಾಡಿ ಕಾಯುತ್ತಿದ್ದ. ಊರ ನಾಯಿಗಳು ಆಗಲೇ ಬಂದು ಕೂತಿದ್ದವು.

ಆ ಸಂಜೆ ಮಾವ ಊಟದ ಹೊತ್ತಾದರೂ ಬಾರದ್ದನ್ನು ನೋಡಿ ಚೈತ್ರಾ ಖೈರೂನ್‌ಬಿಯ ಅಂಗಡಿಯಿಂದ ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಕೆರೆ ಏರಿಗೆ ಹೋದಳು. ಗಂಗವ್ವನ ಗುಡಿಯ ಮುಂದೆ ಜನ ಕರಗಿದ್ದರು. ಸಾಲು ಹಣತೆಗಳಲ್ಲಿ ಹೆಚ್ಚಿನವು ಆರಿದ್ದವು, ಕೆಲವು ಇನ್ನೂ ಉರಿಯುತ್ತಿದ್ದವು. ದ್ಯಾಮಪ್ಪ ಅವುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಸ್ಟೀಲಿನ ಕ್ಯಾನು ಕಾಣಲಿಲ್ಲ.

"ಆರಸೂದಿಲ್ಲೇನ್ರಿ ಮಾವಾರ?"

"ಇಲ್ಲ. ತಾವ ಆರತಾವ. ಎಣ್ಣಿ ಕಡಿಮಿ ಹಾಕ್ರಿ ಅಂತ ಎಲ್ಲಾರಿಗೂ ಹೇಳೀನಿ. ಹಾಕಿದ್ದು ತೀರೂ ತನಕಾ ನಾ ಕುಂದರತೀನಿ."

ಆಕೆ ಪಕ್ಕದಲ್ಲಿ ಕೂತು ಪೊಟ್ಟಣ ಬಿಚ್ಚಿದಳು. ಇಬ್ಬರೂ ಮಿರ್ಚಿ ತಿನ್ನುತ್ತ ದೀಪಗಳನ್ನು ನೋಡಿದರು. ಕೆರೆಯಲ್ಲಿ ಒಂದು ಮೀನು ಮೇಲೆ ಹಾರಿ ಬಿತ್ತು. ದ್ಯಾಮಪ್ಪ ಆ ಕಡೆ ತಿರುಗದೆಯೇ ಅದು ಯಾವ ಮೀನು ಎಂದು ಹೇಳಿದ. ಕೊನೆಯ ಹಣತೆಯ ಬತ್ತಿ ಕೆಂಪಗಾಗಿ, ಒಂದು ಎಳೆ ಹೊಗೆ ಬಿಟ್ಟು ನಂದಿತು.

ಅವನು ಅದು ಆರುವ ತನಕ ಕಾದು, ಎತ್ತಿ, ಸೊಸೆಯ ಅಂಗೈ ಮೇಲೆ ಬೋರಲು ಹಾಕಿದ. ಏನೂ ಬೀಳಲಿಲ್ಲ. ಅಂಗೈ ಸ್ವಲ್ಪ ಬೆಚ್ಚಗಾಯಿತು, ಅಷ್ಟೇ.

"ನಡಿ" ಎಂದ ದ್ಯಾಮಪ್ಪ. "ಇನ್ನ ನನ್ನ ಕಂಬಳಿ ಒಂದರ ಕೊಡು. ಥಂಡಿ ಐತಿ."